ಡಬ್ಬಿಯ ಕಾಳು, ರೊಟ್ಟಿಯ ಕಾಳು

ಬೇಕ್ಡ್ ಬೀನ್ಸ್ ಡಬ್ಬಿಯನ್ನು ದಾವಣಗೆರೆಯ ಎಷ್ಟೋ ಮನೆಗಳವರು ಮೊದಲು ನೋಡುವುದು ಫೋನಿನಲ್ಲಿ. ಇಂಗ್ಲೆಂಡಿಗೆ ಓದಲು ಹೋದ ಮಗ ಬ್ರೆಡ್ಡಿನ ಮೇಲೆ ಕೆಂಪು ರಸದ ಕಾಳು ಸುರಿದುಕೊಂಡು ತಿನ್ನುತ್ತಿದ್ದರೆ ಆವರಗೆರೆಯ ತಾಯಿ ಕೇಳದೆ ಇರುತ್ತಾಳೆಯೇ: “ಡಬ್ಬಿದು ತಿಂದ್ರೆ ಮೈಗೆ ಏನ್ ಹತ್ತತೈತೋ ತಮ್ಮಾ?” ಉತ್ತರವನ್ನು ಮೊದಲೇ ಹೇಳಿಬಿಡೋಣ: ಹತ್ತುತ್ತದೆ. ಕಾಳಿನ ಬಗ್ಗೆ ಚಿಂತೆ ಬೇಡ, ಲೆಕ್ಕ ಇಡಬೇಕಾದ್ದು ಅದರ ಸುತ್ತಲಿನ ರಸದ್ದು.

ನಾವು ಪಲ್ಯಕ್ಕೆ ಹೆಚ್ಚುವ ಬೀನ್ಸ್, ಉತ್ತರ ಭಾರತದವರ ರಾಜ್ಮಾ, ಡಬ್ಬಿಯೊಳಗಿನ ಈ ಸಣ್ಣ ಬಿಳಿ ಕಾಳು, ಮೂರೂ ಒಂದೇ ಜಾತಿಯ ಗಿಡದ ಬಗೆಗಳು. ಗಿಡದ ತವರು ಅಮೆರಿಕ ಖಂಡ. ಹೈಂಜ್ ಕಂಪನಿ ಡಬ್ಬಿಯ ಕಾಳನ್ನು ಮೊದಲು ಲಂಡನ್ನಿನ ಶ್ರೀಮಂತರ ಅಂಗಡಿಯೊಂದಕ್ಕೆ ಒಯ್ದಾಗ ಇದು ದುಬಾರಿ ತಿನಿಸು. 1928ರಿಂದ ಅಲ್ಲಿಯೇ ತಯಾರಾಗತೊಡಗಿತು, ಮುಂದೆ ದುಡಿಯುವವರ ದಿನದ ಊಟವಾಯಿತು.

ಡಬ್ಬಿ ಎಂದರೆ ‘ಕೆಮಿಕಲ್’ ಎಂದು ನಮ್ಮಲ್ಲಿ ಗಟ್ಟಿಯಾದ ನಂಬಿಕೆಯಿದೆ. ಬೇಕ್ಡ್ ಬೀನ್ಸ್ ಕೆಡದಂತೆ ಕಾಯುವುದು ಔಷಧಿಯಲ್ಲ, ಶಾಖ. ಅರೆಬೆಂದ ಕಾಳಿಗೆ ಟೊಮೆಟೊ ರಸ ಸುರಿದು, ಡಬ್ಬಿಯನ್ನು ಗಾಳಿ ಹೋಗದಂತೆ ಮುಚ್ಚಿ, ಆಮೇಲೆ ಆವಿಯ ಒತ್ತಡದಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ. ನಮ್ಮ ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೆ ಒಳಗಿರುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ನಾವು ಬೇಯಿಸಿದ ಮೇಲೆ ಮುಚ್ಚಳ ತೆಗೆಯುತ್ತೇವೆ, ಅವರು ತೆಗೆಯುವುದಿಲ್ಲ. ಸತ್ತ ಸೂಕ್ಷ್ಮಜೀವಿಗಳ ಜಾಗಕ್ಕೆ ಹೊಸವು ಬರಲು ದಾರಿಯೇ ಇರುವುದಿಲ್ಲ. ಫ್ರಾನ್ಸಿನ ನಿಕೊಲಾ ಅಪೆರ್ ಈ ವಿದ್ಯೆಯನ್ನು 1810ರಲ್ಲೇ ಪುಸ್ತಕವಾಗಿ ಬರೆದ. ಆಹಾರ ಏಕೆ ಕೆಡುವುದಿಲ್ಲ ಎಂಬುದು ಮಾತ್ರ ಅವನಿಗೂ ತಿಳಿದಿರಲಿಲ್ಲ. ಅದನ್ನು ವಿವರಿಸಲು ಲೂಯಿ ಪಾಶ್ಚರ್ ಬರಬೇಕಾಯಿತು. ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ರೂಪಿಸಿದ, ಬಿಸಿ ಮಾಡಿ ತಿನ್ನುವ ಪೊಟ್ಟಣದೂಟಗಳ ಹಿಂದಿರುವುದೂ ಇದೇ ತತ್ವ.

ಈಗ ಅಂಕಿಗಳಿಗೆ ಬರೋಣ. ಸಾಮಾನ್ಯ ಬೇಕ್ಡ್ ಬೀನ್ಸಿನ 100 ಗ್ರಾಂನಲ್ಲಿ ಸುಮಾರು 80 ಕ್ಯಾಲೊರಿ, ಐದು ಗ್ರಾಂಗೆ ತುಸು ಕಡಿಮೆ ಪ್ರೋಟೀನ್, ನಾಲ್ಕು ಗ್ರಾಂ ಆಸುಪಾಸು ನಾರು ಇರುತ್ತವೆ. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆ ನಾಲ್ಕರಿಂದ ಐದು ಗ್ರಾಂ, ಉಪ್ಪು ಸುಮಾರು 0.6 ಗ್ರಾಂ. ಒಬ್ಬರು ಒಂದು ಹೊತ್ತಿಗೆ ಅರ್ಧ ಡಬ್ಬಿ, ಅಂದರೆ 200 ಗ್ರಾಂನಷ್ಟು, ತಿನ್ನುತ್ತಾರೆ. ಆಗ ಸಿಗುವ ಪ್ರೋಟೀನ್ ಹತ್ತು ಗ್ರಾಂ ಹತ್ತಿರ, ನಾರು ಏಳೆಂಟು ಗ್ರಾಂ. ಜೊತೆಗೆ ಎರಡು ಟೀ ಚಮಚೆಯಷ್ಟು ಸಕ್ಕರೆ (ಒಂದಿಷ್ಟು ಟೊಮೆಟೊದ್ದೇ), 1.2 ಗ್ರಾಂ ಉಪ್ಪು. ದಿನಕ್ಕೆ ಐದು ಗ್ರಾಂ ಉಪ್ಪು ದಾಟಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಕಾಲು ಭಾಗ ಇಲ್ಲೇ ಮುಗಿಯಿತು, ಬ್ರೆಡ್ಡಿನೊಳಗಿನ ಉಪ್ಪು ಬೇರೆ.

ಶಾಖಕ್ಕೆ ಸಿ ಜೀವಸತ್ವ, ಬಿ ಗುಂಪಿನ ಕೆಲವು ಜೀವಸತ್ವಗಳು ಒಂದಿಷ್ಟು ಹಾಳಾಗುತ್ತವೆ ನಿಜ. ಆದರೆ ಕಾಳನ್ನು ಯಾರು ಹಸಿಯಾಗಿ ತಿನ್ನುತ್ತಾರೆ? ಈ ಜಾತಿಯ ಕಾಳನ್ನಂತೂ ತಿನ್ನಲೇಬಾರದು. ನೆನೆಹಾಕಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸದಿದ್ದರೆ ರಾಜ್ಮಾದೊಳಗಿನ ಲೆಕ್ಟಿನ್ ಎಂಬ ಪ್ರೋಟೀನು ವಾಂತಿ, ಭೇದಿ ತರಿಸುತ್ತದೆ. ಡಬ್ಬಿಯ ಕಾಳಿನಲ್ಲಿ ಆ ಭಯವಿಲ್ಲ. ಪ್ರೋಟೀನ್, ನಾರು, ಕಬ್ಬಿಣ ಬಹುಪಾಲು ಉಳಿದಿರುತ್ತವೆ.

ಇನ್ನು ನಮ್ಮ ತಟ್ಟೆ. ಹುರುಳಿ, ಹೆಸರು, ಮಡಕೆಕಾಳು, ಅಲಸಂದೆ, ಅವರೆ, ಯಾವುದನ್ನೇ ತೆಗೆದುಕೊಂಡರೂ ಒಣಗಿದ 100 ಗ್ರಾಂನಲ್ಲಿ 20 ಗ್ರಾಂ ಆಸುಪಾಸು ಪ್ರೋಟೀನ್ ಇರುತ್ತದೆ. ಹುರುಳಿಯಲ್ಲಿ ಕಬ್ಬಿಣ, ಸುಣ್ಣದಂಶಗಳೂ ಚೆನ್ನಾಗಿವೆ. ಅರ್ಧ ಡಬ್ಬಿ ಬೇಕ್ಡ್ ಬೀನ್ಸಿನ ಪ್ರೋಟೀನು ಬೇಕಾದರೆ 45–50 ಗ್ರಾಂ ಒಣ ಹುರುಳಿ ನೆನೆಹಾಕಿದರೆ ಆಯಿತು; ಸಕ್ಕರೆ ಬೇಡ, ಉಪ್ಪು ನಮ್ಮ ಕೈಯಲ್ಲೇ. ಮೊಳಕೆ ಕಟ್ಟಿದರೆ ಸಿ ಜೀವಸತ್ವ ಹುಟ್ಟುತ್ತದೆ, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಇಳಿಯುತ್ತದೆ. ಮೇಲೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಇನ್ನಷ್ಟು ಮೈಗೂಡುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದರಲ್ಲಿ ಬಹಳಷ್ಟು ವ್ಯರ್ಥ. ಬೇಗ ಬೇಯಲೆಂದು ಸೋಡಾ ಹಾಕುವ ಅಭ್ಯಾಸವನ್ನೂ ಬಿಡಬೇಕು, ಅದು ಬಿ1 ಜೀವಸತ್ವವನ್ನು ಕೆಡಿಸುತ್ತದೆ.

ಗ್ಯಾಸ್ ಆಗ್ತೈತಿ ಎನ್ನುವವರಿಗೆ: ಅದಕ್ಕೆ ಕಾರಣ ರ‍್ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳು. ಅವುಗಳನ್ನು ಅರಗಿಸುವ ಕಿಣ್ವ ನಮ್ಮಲ್ಲಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅವೇ ಹಬ್ಬದೂಟ. ನೆನೆಸಿದ ನೀರು ಚೆಲ್ಲಿ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಕೊಂಡರೆ ತೊಂದರೆ ಕಡಿಮೆಯಾಗುತ್ತದೆ.

ಬ್ರೆಡ್ಡು-ಬೀನ್ಸ್ ಜೋಡಿಗೂ ರೊಟ್ಟಿ-ಕಾಳುಪಲ್ಯದ ಜೋಡಿಗೂ ಒಂದೇ ಗುಟ್ಟು. ಪ್ರೋಟೀನು ಕಟ್ಟುವ ಅಮೈನೊ ಆಮ್ಲಗಳ ಪೈಕಿ ಧಾನ್ಯದಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಮೆಥಿಯೋನಿನ್ ಕಡಿಮೆ. ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ದಾವಣಗೆರೆಯ ಹತ್ತಿಗಿರಣಿಗಳಿಗೆ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಗೆ ಬುತ್ತಿ ಒಯ್ದು ದುಡಿದವರಿಗೆ ಅಮೈನೊ ಆಮ್ಲದ ಪಾಠ ಯಾರೂ ಹೇಳಿರಲಿಲ್ಲ. ಜೋಳದ ರೊಟ್ಟಿಯೊಳಗೆ ಕಾಳುಪಲ್ಯ ಇಟ್ಟುಕೊಂಡವರ ಊಟ ಮಾತ್ರ ಆ ಲೆಕ್ಕದಲ್ಲಿ ಪಾಸಾಗುತ್ತದೆ.

ನನ್ನ ತಕರಾರು ಡಬ್ಬಿಯ ಮೇಲಲ್ಲ, ನಮ್ಮ ತಟ್ಟೆಯ ಮೇಲೆ. ಅನ್ನದ ಗುಡ್ಡೆ, ಅದರ ಮೇಲೆ ಬೇಳೆ ಹುಡುಕಬೇಕಾದ ಸಾರು, ಸಂಜೆಗೆ ಮಂಡಕ್ಕಿ-ಮಿರ್ಚಿ. ಮಂಡಕ್ಕಿ ಎಷ್ಟಾದರೂ ಉಬ್ಬಿದ ಅಕ್ಕಿ. ನರ್ಗೀಸ್ ಮಂಡಕ್ಕಿಗೆ ಬೀಳುವ ಪುಟಾಣಿಯಲ್ಲಿ ಪ್ರೋಟೀನು ಧಾರಾಳವಾಗಿದೆ, ಆದರೆ ಬೀಳುವುದು ಒಂದು ಚಿಟಿಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, 2000 ಕ್ಯಾಲೊರಿಯ ಊಟಕ್ಕೆ ಕಾಳು-ಬೇಳೆ, ಮೊಟ್ಟೆ, ಮಾಂಸ ಎಲ್ಲ ಸೇರಿ ದಿನಕ್ಕೆ 85 ಗ್ರಾಂ ಎಂದಿದೆ. ಮೊಟ್ಟೆ-ಮಾಂಸ ಮುಟ್ಟದ ಮನೆಯಲ್ಲಿ ಅಷ್ಟೂ ಕಾಳು-ಬೇಳೆಯಿಂದಲೇ ಬರಬೇಕು. ನಾಳೆ ಸಾರಿಗೆ ಬೇಳೆ ಹಾಕುವಾಗ ಒಮ್ಮೆ ತೂಗಿ, ತಲೆಗೆಷ್ಟು ಬಿತ್ತೆಂದು ನೋಡಿ.

ಹೊರದೇಶದಲ್ಲಿರುವ ಮಕ್ಕಳು ಡಬ್ಬಿ ತಿನ್ನಲಿ. ಚಿಪ್ಸ್ ತಿಂದು ಮಲಗುವುದಕ್ಕಿಂತ ಅದು ಎಷ್ಟೋ ಮೇಲು. ಈರುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ನಾಲಿಗೆಗೂ ಒಗ್ಗುತ್ತದೆ, ಇನ್ನಷ್ಟು ಉಪ್ಪು ಮಾತ್ರ ಬೇಡ. ಉಬ್ಬಿದ ಡಬ್ಬಿಯನ್ನು ರುಚಿ ಕೂಡ ನೋಡದೆ ಎಸೆಯಬೇಕು, ಒಳಗೆ ಬಾಟ್ಯುಲಿನಮ್ ವಿಷ ಇರಬಹುದು. ತೆರೆದ ಮೇಲೆ ಉಳಿದದ್ದನ್ನು ಬೇರೆ ಪಾತ್ರೆಗೆ ಸುರಿದು ಫ್ರಿಜ್ಜಿನಲ್ಲಿಟ್ಟು, ಎರಡು ದಿನದೊಳಗೆ ಮುಗಿಸಬೇಕು. ಇಲ್ಲಿಯೇ ಕೊಳ್ಳುವವರಿಗೆ, ಅದರಲ್ಲೂ ಬಿಪಿ ಇರುವವರಿಗೆ ಒಂದು ಮಾತು: ನಮ್ಮ ಲೇಬಲ್ಲಿನಲ್ಲಿ ಉಪ್ಪಿನ ಬದಲು ಸೋಡಿಯಂ ಎಂದು ಮಿಲಿಗ್ರಾಂನಲ್ಲಿ ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿ, ಬಂದದ್ದೇ ಉಪ್ಪಿನ ಲೆಕ್ಕ.