ಹಸಿವನ್ನು ಹೇಳುವ ಇಂಗ್ಲಿಷ್ ಮಾತು

‘ನನಗೆ ಹಸಿವಾಗಿದೆ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಲು ಹೇಳಿದರೆ, ಅನೇಕ ವಿದ್ಯಾರ್ಥಿಗಳು ‘ಐ ಹ್ಯಾವ್ ಹಂಗ್ರಿ’ ಎಂದೋ ‘ಐ ಆಮ್ ಹಂಗರ್’ ಎಂದೋ ಬರೆಯುವುದುಂಟು. ಎರಡೂ ತಪ್ಪು. ತಪ್ಪಿನ ಮೂಲವನ್ನು ಅರಿತರೆ ಅದು ಮರುಕಳಿಸದು.

‘ಹಂಗರ್’ ಎಂಬುದು ಇಲ್ಲಿ ನಾಮಪದ, ಹಸಿವು ಎಂದರ್ಥ. ‘ಹಂಗ್ರಿ’ ಎಂಬುದು ಗುಣವಾಚಕ, ಹಸಿದ ಎಂದರ್ಥ. ಕನ್ನಡ ವಾಕ್ಯದಲ್ಲಿ ಹಸಿವೇ ಕರ್ತೃ. ಅದು ನನಗೆ ಆಗುತ್ತದೆ. ಆದುದರಿಂದಲೇ ‘ನನಗೆ’ ಎಂಬ ಚತುರ್ಥೀ ವಿಭಕ್ತಿ ಬಂದಿದೆ. ಇಂಗ್ಲಿಷಿನಲ್ಲಾದರೋ ಹಸಿದವನೇ ಕರ್ತೃ. ‘ಐ ಆಮ್ ಹಂಗ್ರಿ’ ಎಂದರೆ ‘ನಾನು ಹಸಿದಿದ್ದೇನೆ’ ಎಂದಾಯಿತು. ಈ ರೀತಿ ಕನ್ನಡಕ್ಕೂ ಹೊಸದಲ್ಲ. ಹಳಗನ್ನಡದ ‘ಪಸಿ’ ಧಾತುವೇ ಇಂದಿನ ‘ಹಸಿ’. ನೆರೆಯ ತಮಿಳಿನಲ್ಲಿ ಅದು ಇಂದಿಗೂ ‘ಪಸಿ’ಯಾಗಿಯೇ ಇದೆ. ಮೊದಲು ‘ನಾನು ಹಸಿದಿದ್ದೇನೆ’ ಎಂದು ವಾಕ್ಯವನ್ನು ಮಾರ್ಪಡಿಸಿಕೊಂಡು ಅನಂತರ ಭಾಷಾಂತರಿಸಿರಿ.

ಉಚ್ಚಾರಣೆಯಲ್ಲಿಯೂ ಎಚ್ಚರವಿರಬೇಕು. ‘ಆ್ಯಂಗ್ರಿ’ ಎಂದರೆ ಕೋಪಗೊಂಡ ಎಂದರ್ಥ. ಹಕಾರವನ್ನು ನುಂಗಿ ಸ್ವರವನ್ನು ಕೆಡಿಸಿದರೆ, ಹಸಿದು ಬಂದವನು ಜಗಳಕ್ಕೆ ಬಂದವನಾಗಿಬಿಟ್ಟಾನು!

ಈ ಪದವು ಅನ್ನಕ್ಕಷ್ಟೇ ಸೀಮಿತವಾದುದಲ್ಲ. ತೀವ್ರವಾದ ಬಯಕೆಯನ್ನೂ ಅದು ಸೂಚಿಸುತ್ತದೆ. ‘ಹಂಗ್ರಿ ಫಾರ್ ನಾಲೆಜ್’ ಎಂದರೆ ಜ್ಞಾನಕ್ಕಾಗಿ ಹಸಿದ. ಬಯಸಿದ ವಸ್ತುವಿನ ಹಿಂದೆ ‘ಫಾರ್’ ಸೇರುವುದನ್ನು ಗಮನಿಸಬೇಕು.

ಹಸಿವು ಮಿತಿಮೀರಿದಾಗ ‘ಸ್ಟಾರ್ವ್’ ಎಂಬ ಕ್ರಿಯಾಪದ ಬರುತ್ತದೆ. ಪ್ರಾಚೀನ ಇಂಗ್ಲಿಷಿನಲ್ಲಿ ಅದಕ್ಕೆ ‘ಸಾಯು’ ಎಂದೇ ಅರ್ಥವಿತ್ತು. ಊಟ ತುಸು ತಡವಾದರೆ ಇಂಗ್ಲಿಷರು ಅದನ್ನು ವಿನೋದಕ್ಕೆ ಬಳಸುವುದುಂಟು. ಆದರೆ 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ, ಮುಂದಿನ ಕೆಲವು ವರ್ಷಗಳಲ್ಲಿ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸುಮಾರು 10 ಲಕ್ಷ ಜನರು ಮಡಿದರು. ಅಲ್ಲಿ ಆ ಪದವು ವಿನೋದವಾಗಿರಲಿಲ್ಲ.

ಪೋಷಕರಲ್ಲಿ ಒಂದು ಮಾತು. ಹಸಿದ ಮಗುವಿಗೆ ಪಾಠ ಹತ್ತದು. ಇದನ್ನರಿತೇ 1956ರಲ್ಲಿ ಅಂದಿನ ಮದ್ರಾಸ್ ರಾಜ್ಯದಲ್ಲಿ ಶ್ರೀ ಕಾಮರಾಜರ ಸರಕಾರವು ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಯೋಜನೆಯನ್ನು ಆರಂಭಿಸಿತು. ಆದರೂ ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದು, ನಾಚಿಕೆಯಿಂದ ಬಾಯಿಬಿಡದೆ ಕುಳಿತಿರುವ ಮಕ್ಕಳಿರಬಹುದು. ಹಸಿವನ್ನು ಹೇಳಿಕೊಳ್ಳುವುದು ಅವಮಾನವಲ್ಲವೆಂದು ಮನೆಯಲ್ಲಿಯೂ ತಿಳಿಸಿರಿ. ವಿದ್ಯಾರ್ಥಿಗಳೇ, ಇಂಗ್ಲಿಷಿನ ವಾಕ್ಯವನ್ನು ಶುದ್ಧವಾಗಿ ಕಲಿಯಿರಿ. ಹಸಿದಾಗ ಮಾತ್ರ ವ್ಯಾಕರಣಕ್ಕೆ ಕಾಯದೆ, ಬಂದ ಭಾಷೆಯಲ್ಲಿ ನಿಮ್ಮ ಉಪಾಧ್ಯಾಯರಿಗೆ ತಿಳಿಸಿರಿ.