ವಿಶ್ವಾಸವೆಂಬ ಮನೆಮಾತು

ಮನುಷ್ಯರಿಗೆ ಇರುವಂತೆಯೇ ಶಬ್ದಗಳಿಗೂ ತೌರುಮನೆಯೆಂಬುದೊಂದು ಉಂಟು. ಶಬ್ದವು ಮತಗ್ರಂಥವನ್ನು ಹೊಕ್ಕು ಎಷ್ಟು ಎತ್ತರದ ಪೀಠವನ್ನೇರಿದರೂ ಹುಟ್ಟಿದ ಮನೆಯ ಗುಣವು ಅದನ್ನು ಬಿಡುವುದಿಲ್ಲ. ಕನ್ನಡನಾಡಿನ ಕ್ರೈಸ್ತರು ತಮ್ಮ ಭಕ್ತಿಯನ್ನು ಹೇಳಿಕೊಳ್ಳುವ ಮಾತುಗಳನ್ನೇ ನೋಡಿರಿ. ಅವರು ದೇವರಲ್ಲಿಡುವುದು ವಿಶ್ವಾಸ. ಅವರ ಕೂಟಕ್ಕೆ ಸಭೆಯೆಂದು ಹೆಸರು. ಸಭೆಯವರೊಳಗಿನ ಬಾಂಧವ್ಯಕ್ಕೆ ಅನ್ಯೋನ್ಯತೆಯೆಂದು ಹೆಸರು. ಮೂರೂ ಸಂಸ್ಕೃತ ಶಬ್ದಗಳೇ. ಆದರೆ ಅಕ್ಷರವರಿಯದ ಚಳ್ಳಕೆರೆಯ ಮುದುಕಿಯೂ ನೆರೆಮನೆಯವರನ್ನು ಕುರಿತು “ಅವರಿಗೂ ನಮಗೂ ಬಹಳ ವಿಶ್ವಾಸ” ಎನ್ನುವಳು. ಮದುವೆಯಾದ ಮಗಳ ಸಂಸಾರವನ್ನು ನೋಡಿ ಬಂದ ತಾಯಿ “ಇಬ್ಬರೂ ಅನ್ಯೋನ್ಯವಾಗಿದ್ದಾರೆ” ಎಂದು ನಿಟ್ಟುಸಿರು ಬಿಡುವಳು. ದೇವಾಲಯದ ಮಾತೆಂದು ನಾವು ಎಣಿಸುವುದು ಮೊದಲು ಅಡಿಗೆಮನೆಯ ಮಾತು, ಜಗುಲಿಯ ಮಾತು.

ಸಂಸ್ಕೃತ ಪಾಠ ಹೇಳಿದವರ ಚಾಪಲ್ಯವನ್ನು ವಾಚಕರು ಒಂದು ಗಳಿಗೆ ಸಹಿಸಿಕೊಳ್ಳಬೇಕು. ವಿಶ್ವಾಸವೆಂಬುದಕ್ಕೆ ಮೂಲವು ಉಸಿರಾಡುವುದೆಂಬ ಅರ್ಥದ ಧಾತು. ಯಾರ ಬಳಿಯಲ್ಲಿ ಭಯವಿಲ್ಲದೆ ಉಸಿರಾಡಬಹುದೋ ಅವರಲ್ಲಿ ನಮಗೆ ವಿಶ್ವಾಸವೆಂದಾಯಿತು. ಪಾಶ್ಚಾತ್ಯ ಕ್ರೈಸ್ತರ ವಿಶ್ವಾಸಪ್ರಮಾಣವು ಲ್ಯಾಟಿನ್ ಭಾಷೆಯಲ್ಲಿ ‘ಕ್ರೇದೋ’ ಎಂದು ಮೊದಲಾಗುತ್ತದೆ; ಆ ಶಬ್ದವೂ ನಮ್ಮ ‘ಶ್ರದ್ಧಾ’ ಎಂಬುದೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ತೋರಿಸಿರುವರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ನಮ್ಮ ನೆರೆಯ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲಿನ ಅನುವಾದಕ್ಕೆ ಕೈಹಾಕಿದರು. ಸಂಪೂರ್ಣ ಕನ್ನಡ ಬೈಬಲು 1831ರ ಹೊತ್ತಿಗೆ ಹೊರಬಂದಿತು. ಅಂದಿನಿಂದ ಈ ಸೀಮೆಯ ಮನೆಮಾತುಗಳು ಆ ಗ್ರಂಥದೊಳಗೆ ಕುಳಿತಿವೆ. ಮನೆಯಲ್ಲಿ ಸಲ್ಲದ ವಿಶ್ವಾಸವು ಸಭೆಯಲ್ಲಿ ಸಂದೀತೆ ಎಂದು ಕೇಳುತ್ತಲೂ ಇವೆ.

ಮೊಳಕಾಲ್ಮೂರಿನವರಿಗೆ ಈ ಪ್ರಶ್ನೆ ಹೊಸದಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಈ ಮೂರು ಕಡೆಗಳಲ್ಲಿ ಅಶೋಕನ ಶಾಸನಗಳು ಬಂಡೆಯ ಮೇಲಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಲೋಕಕ್ಕೆ ತಿಳಿಸಿದರು. ಅಷ್ಟು ದೊಡ್ಡ ಚಕ್ರವರ್ತಿಯು ಇಸಿಲವೆಂಬ ಊರಿನ ಮಹಾಮಾತ್ರರಿಗೆ ಬರೆಯಿಸಿ ಕಳುಹಿದ್ದೇನು? ತಾಯಿತಂದೆಗಳ ಮಾತು ನಡೆಯಿಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ನೆಂಟರಲ್ಲಿ ಯೋಗ್ಯವಾಗಿ ನಡೆದುಕೊಳ್ಳಬೇಕು, ಇಷ್ಟೇ. ಚಪಡನೆಂಬ ಲಿಪಿಕಾರನು ಕೊನೆಯ ಒಂದು ಶಬ್ದವನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿ ತನ್ನ ವಿದ್ಯೆಯನ್ನು ಮೆರೆದಿರುವನು. ಅದನ್ನು ಕಂಡಾಗಲೆಲ್ಲ ನಮಗೆ ನಗೆ ಬರುವುದುಂಟು.

ಕ್ರೈಸ್ತರ ಗ್ರಂಥವು ಈ ವಿಷಯದಲ್ಲಿ ಇನ್ನೂ ನಿಷ್ಠುರವಾಗಿದೆ. ಕಾಣಿಕೆಯನ್ನು ವೇದಿಯ ಬಳಿಗೆ ತಂದವನಿಗೆ, ಸಹೋದರನೊಬ್ಬನಿಗೆ ತನ್ನಿಂದ ನೋವಾಗಿದೆಯೆಂಬುದು ಅಲ್ಲಿ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊಂಡು ಬರಬೇಕೆಂದು ಯೇಸುವು ಗುಡ್ಡದ ಮೇಲಿನ ಉಪದೇಶದಲ್ಲಿ ಹೇಳುತ್ತಾನೆ. ಯಾಕೋಬನ ಪತ್ರಿಕೆಯು ಚಿನ್ನದ ಉಂಗುರದವನಿಗೆ ಒಳ್ಳೆಯ ಸ್ಥಳವನ್ನು ತೋರಿಸಿ ಕೊಳಕು ಬಟ್ಟೆಯವನನ್ನು ನಿಲ್ಲಿಸುವ ಸಭೆಯನ್ನು ಛೀಮಾರಿ ಮಾಡುತ್ತದೆ. ಕೊರಿಂಥವೆಂಬ ಗ್ರೀಕರ ಪಟ್ಟಣದಲ್ಲಿ ಸಭೆಯ ಉಳ್ಳವರು ಸಹಭೋಜನಕ್ಕೆ ಮುಂಚೆ ಬಂದು ಉಂಡು ಮುಗಿಸುತ್ತಿದ್ದರು, ಬಡವರು ಹಸಿದುಕೊಂಡಿರುತ್ತಿದ್ದರು. ಪೌಲನು ಅವರಿಗೆ ಬರೆದುದು ತತ್ತ್ವಶಾಸ್ತ್ರವನ್ನಲ್ಲ. ಒಬ್ಬರಿಗಾಗಿ ಒಬ್ಬರು ಕಾಯಿರಿ, ಹಸಿವು ತಡೆಯದವನು ಮನೆಯಲ್ಲಿಯೇ ಉಂಡು ಬರಲಿ ಎಂದು. ಪಂಕ್ತಿಯ ಮರ್ಯಾದೆಯನ್ನು ಬಲ್ಲ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ.

ಪಂಕ್ತಿಯ ಮಾತೇ ನಮ್ಮ ನಾಡಿನಲ್ಲಿ ದೊಡ್ಡ ಮಾತಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಸಭೆಯೊಳಗೆ ಜಾತಿಭೇದ ಸಲ್ಲದೆಂದು ಹಟ ಹಿಡಿದರು. ಒಂದೇ ರೊಟ್ಟಿಯನ್ನು ಮುರಿದು ಒಂದೇ ಪಾತ್ರೆಯಿಂದ ಕುಡಿಯಬೇಕು. ಹಾಗೆ ಕುಡಿದವನು ಅಂದೇ ಕುಲದಿಂದ ಹೊರಗಾಗುತ್ತಿದ್ದನು. ಮನೆ, ಭೂಮಿ, ಕಸಬು ಎಲ್ಲವೂ ಕೈಬಿಡುತ್ತಿದ್ದುವು. ಅಂಥವರ ಹೊಟ್ಟೆಯ ಪಾಡಿಗಾಗಿಯೇ ಮಗ್ಗಗಳೂ ಹೆಂಚಿನ ಕಾರ್ಖಾನೆಗಳೂ ಹುಟ್ಟಿದುವು. 1851ರಲ್ಲಿ ಬಂದ ಹಾಲರ್ ಎಂಬವರು ಹಗ್ಗವನ್ನೆಳೆದರೆ ತಾನೇ ಓಡುವ ಲಾಳಿಯನ್ನು ಅಲ್ಲಿ ಬಳಕೆಗೆ ತಂದರು; ಖಾಕಿ ಬಣ್ಣದ ಬಟ್ಟೆಯೂ ಅವರ ಕೈಯಿಂದಲೇ ಹೆಸರಾಯಿತು. 1865ರಲ್ಲಿ ಪ್ಲೆಬ್ಸ್ಟ್ ಅವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ರೇಷ್ಮೆಯ ಮಗ್ಗದೊಡನೆ ಬಾಳುವ ಮೊಳಕಾಲ್ಮೂರಿನ ಓದುಗರಿಗೆ ಲಾಳಿಯೆಂದರೇನೆಂದು ಹೇಳಬೇಕಾಗಿಲ್ಲ. ಆದರೆ ಮಂಗಳೂರಿನ ಆ ಲಾಳಿಯ ಹಿಂದೆ ಒಂದು ಪಾತ್ರೆಯ ನೀರಿನ ಜಗಳವಿತ್ತೆಂಬುದನ್ನು ಎಲ್ಲರೂ ಅರಿಯರು. ಪೂಜೆಗೆ ಕರೆದವನೇ ಕೂಲಿಯನ್ನೂ ಕೊಡುವ ಯಜಮಾನನಾದರೆ ಭಕ್ತಿಗೆ ತೊಡಕಾಗುವುದೂ ಉಂಟೆಂದು ನಮ್ಮ ಅಭಿಪ್ರಾಯ. ಆದರೆ ಕುಲವನ್ನು ಬಿಟ್ಟು ಬಂದವನನ್ನು ಹಸಿವಿಗೆ ಬಿಟ್ಟು ಬರಿಯ ಉಪದೇಶ ಮಾಡದೆ ಇದ್ದುದನ್ನು ಮೆಚ್ಚಲೇಬೇಕು.

ನಮ್ಮ ಎರಡು ತಾಲ್ಲೂಕುಗಳಲ್ಲಿ ಕ್ರೈಸ್ತರ ಮನೆಗಳು ಕೆಲವೇ. ಅವರ ನಿತ್ಯದ ತೊಡಕುಗಳು ದೇವಶಾಸ್ತ್ರದ ತೊಡಕುಗಳಲ್ಲ. ಊರಹಬ್ಬದ ದಿನ ಪಕ್ಕದ ಮನೆಯಿಂದ ಹೋಳಿಗೆ ಬಂದರೆ ತಿನ್ನಬಹುದೆ? ಪೌಲನನ್ನು ಇದೇ ಕೊರಿಂಥದವರು ಇದನ್ನೇ ಕೇಳಿದ್ದರು. ನೆರೆಯವನು ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಬಹುದು. ಅದು ವಿಗ್ರಹಕ್ಕೆ ಅರ್ಪಿಸಿದ್ದೆಂದು ಒಬ್ಬನು ತಿಳಿಸಿದರೆ ಅವನ ಮನಸ್ಸಾಕ್ಷಿಗಾಗಿ ಬಿಡಬೇಕೆಂದು ಅವನ ಉತ್ತರ. ಇದರಲ್ಲಿ ನಮಗೆ ಹಿಡಿಸಿದ್ದು, ತನ್ನ ಮಡಿಗಿಂತ ಎದುರಿಗಿರುವವನ ಮನಸ್ಸನ್ನು ಮುಂದಿಟ್ಟದ್ದು. ತಾಯಿಯು ಹಿಂದಿನ ದೇವರನ್ನೇ ಪೂಜಿಸುತ್ತ ಮಗನು ಮಾತ್ರ ಸಭೆಗೆ ಸೇರಿದ ಮನೆಗಳಲ್ಲಿ ಈ ವಿವೇಕವಿಲ್ಲದೆ ಒಂದು ವಾರವೂ ಸಂಸಾರ ನಡೆಯದು. ಇನ್ನು ಶೇಂಗಾ ಮಂಡಿಯ ತಕ್ಕಡಿಯ ಮುಂದೆ ನಿಂತ ಒಕ್ಕಲಿಗನು ವ್ಯಾಪಾರಿಯ ಕೊರಳಿನಲ್ಲಿ ಶಿಲುಬೆಯಿದೆಯೊ ಲಿಂಗವಿದೆಯೊ ನೋಡುವುದಿಲ್ಲ, ಮುಳ್ಳನ್ನೇ ನೋಡುತ್ತಾನೆ.

ಸಭೆಯ ಒಳಗಿನ ಜಗಳವು ಇದಕ್ಕಿಂತ ಕಠಿನ. ಹತ್ತೇ ಮನೆಗಳಿರುವ ಊರಿನಲ್ಲಿ ಎರಡು ಮೂರು ಪಂಗಡಗಳಾಗಿ, ಒಂದರವರು ಇನ್ನೊಂದರ ಮದುವೆಗೆ ಹೋಗದೆ ಇರುವುದುಂಟು. ಅಣ್ಣತಮ್ಮಂದಿರಿಬ್ಬರು ಒಂದು ನಿವೇಶನದ ಗೋಡೆಗಾಗಿ ಮಾತು ಬಿಟ್ಟು, ವರ್ಷಗಟ್ಟಲೆ ಒಂದೇ ಪ್ರಾರ್ಥನಾಮಂದಿರದ ಎರಡು ಪಕ್ಕಗಳಲ್ಲಿ ಕುಳಿತು ಒಂದೇ ಕೀರ್ತನೆಯನ್ನು ಹಾಡುತ್ತಿದ್ದುದನ್ನು ನಾವೇ ಕಂಡಿದ್ದೇವೆ. ಹಿರಿಯ ಸಂಸ್ಥೆಗಳಿಗೂ ಕೂಡುವುದು ಸುಲಭವಾಗಿರಲಿಲ್ಲ. ತರಂಗಂಬಾಡಿಯಲ್ಲಿ 1919ರಲ್ಲಿ ಮೊದಲಾದ ಐಕ್ಯದ ಮಾತುಕಥೆಯು ಮುಗಿದು ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದವರು ದಕ್ಷಿಣ ಭಾರತ ಸಭೆಯಾಗಿ ಮದರಾಸಿನಲ್ಲಿ ಒಂದಾದದ್ದು 1947ನೆಯ ಸೆಪ್ಟೆಂಬರ್ 27ರಂದು. 28 ವರ್ಷಗಳು ಹಿಡಿದುವು. ಆ ಅಣ್ಣತಮ್ಮಂದಿರು ಇನ್ನೂ ಅಷ್ಟು ಕಾಲ ತೆಗೆದುಕೊಂಡಿಲ್ಲವೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ.

ಮನೆಮಾತಿನ ವಿಶ್ವಾಸವನ್ನು ಸಭೆಯ ಆಚೆಗೂ ಸಲ್ಲಿಸಿದವರೊಬ್ಬರು ನಮ್ಮ ಸೀಮೆಗೆ ಸಮೀಪದವರೇ. ಹೂವಿನಹಡಗಲಿ ಕಡೆಯ ಉತ್ತಂಗಿಯೆಂಬ ಗ್ರಾಮದ ಹೆಸರನ್ನು ಹೊತ್ತ ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಬೋಧಕರಾಗಿದ್ದರು. 1921ರಲ್ಲಿ ಅವರು ಪ್ರಕಟಿಸಿದ ಪುಸ್ತಕಕ್ಕೆ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂದು ಹೆಸರು. ಆಜ್ಞೆಯಲ್ಲ, ವಾದವಲ್ಲ, ವಿನಂತಿ; ಹೆಸರಿನಲ್ಲಿಯೇ ನೆರೆಯವನ ಬಾಗಿಲಿನಲ್ಲಿ ನಿಂತು ಮಾತನಾಡುವ ವಿನಯವಿದೆ. ಊರೂರಿನ ಓಲೆಗಳನ್ನೂ ಜನರ ಬಾಯಿಯಲ್ಲಿದ್ದುದನ್ನೂ ಒಟ್ಟುಗೂಡಿಸಿ ಅವರು 1924ರಲ್ಲಿ ಹೊರತಂದ ಸರ್ವಜ್ಞನ ವಚನಗಳ ಸಂಗ್ರಹವನ್ನು ಮನೆಯಲ್ಲಿಟ್ಟುಕೊಳ್ಳದ ಉಪಾಧ್ಯಾಯರು ನಮ್ಮ ಕಾಲದಲ್ಲಿ ವಿರಳ. ಮುಂದೆ ಶರಣರ ವಚನಗಳ ಸಂಶೋಧನೆಯಲ್ಲಿಯೂ ತೊಡಗಿದರು. ಕ್ರಿಸ್ತನನ್ನು ಬಿಡದೆಯೇ ಇದನ್ನೆಲ್ಲ ಮಾಡಿದರು. ಇಷ್ಟನ್ನು ಮಾಡುವುದಕ್ಕೆ ಕ್ರಿಸ್ತನೇ ಕಾರಣನೆಂದು ನಂಬಿದ್ದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ‘ತಿರುಳ್ಗನ್ನಡದ ತಿರುಕ’ ಎಂಬ ಅವರ ಹೆಸರು 1962ರಲ್ಲಿ ಅವರು ತೀರಿಕೊಂಡ ಮೇಲೆಯೂ ಉಳಿದಿದೆ.

ಈ ದೊಡ್ಡವರ ಮಾತು ಹಾಗಿರಲಿ. ಕೆಲವು ವರ್ಷಗಳ ಹಿಂದೆ ಮೊಳಕಾಲ್ಮೂರಿನ ಕಡೆಯ ಒಂದು ಊರಿನಲ್ಲಿ ಒಬ್ಬ ಬಡ ಕ್ರೈಸ್ತ ಮುದುಕಿಯು ತೀರಿಕೊಂಡಳು. ಸಭೆಯು ಚಿಕ್ಕದು, ಅದರಲ್ಲಿ ಗಂಡಸರು ಮೂವರು. ಆಕೆಯ ಹಿರಿಯ ಮಗನು ಬೇರೆ ಪಂಗಡಕ್ಕೆ ಹೋಗಿ ತಾಯಿಯೊಡನೆ ಮಾತು ಬಿಟ್ಟಿದ್ದನು. ಪೆಟ್ಟಿಗೆಯನ್ನು ಎತ್ತುವ ಹೊತ್ತಿಗೆ ಎದುರುಮನೆಯ ನೇಕಾರನು ಮಗ್ಗದ ಗುಂಡಿಯಿಂದ ಎದ್ದು, ಕೈಗೆ ಹತ್ತಿದ ಗಂಜಿಯನ್ನು ಪಂಚೆಗೆ ಒರೆಸಿಕೊಂಡು, ನಾಲ್ಕನೆಯ ಹೆಗಲಾದನು. ಸ್ಮಶಾನದ ದಾರಿಯ ಅರ್ಧದಲ್ಲಿ ಆ ಮಗನು ಬಂದು ಸೇರಿದನು. ನೇಕಾರನು ಏನನ್ನೂ ಆಡದೆ ಪಕ್ಕಕ್ಕೆ ಸರಿದು ಅವನಿಗೆ ಸ್ಥಳ ಬಿಟ್ಟು, ಹಿಂದೆ ಹಿಂದೆಯೇ ನಡೆದು ಮಣ್ಣು ಹಾಕುವವರೆಗೂ ಇದ್ದು ಬಂದನು.