ಜತ್ತದಿಂದ ಜಾಂಬೋಟಿಗೆ: ಒಂದು ರಸ್ತೆಯ ಕಥೆ

ಅಥಣಿ, ಹಾರೂಗೇರಿ, ಗೋಕಾಕ ಭಾಗದ ನಮ್ಮ ಓದುಗರಿಗೆ ‘ಜತ್ತ–ಜಾಂಬೋಟಿ ರಾಜ್ಯ ಹೆದ್ದಾರಿ’ ಎಂಬ ಹೆಸರು ಹೊಸದಲ್ಲ. ಪತ್ರಿಕೆಯ ಸುದ್ದಿಯಲ್ಲಿ, ಬಸ್ಸಿನ ಮಾತಿನಲ್ಲಿ, ಹೊಲದ ಚಕ್ಕುಬಂದಿಯಲ್ಲಿ ಅದು ಬರುತ್ತಲೇ ಇರುತ್ತದೆ. ರಸ್ತೆಗೆ ಅದರ ಎರಡು ತುದಿಗಳ ಹೆಸರಿಡುವುದು ವಾಡಿಕೆ. ಆದರೆ ಬೆಳಗಾವಿ ಜಿಲ್ಲೆಯನ್ನು ಹಾಯುವ ಈ ರಸ್ತೆಯ ಒಂದು ತುದಿ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ.

ಜತ್ತ ಹಿಂದೆ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಡಫಳಾಪುರದ ಪಾಟೀಲರಾಗಿದ್ದ ಸಟವಾಜಿರಾವ್ ವಿಜಾಪುರದ ಆದಿಲಶಾಹಿಯಿಂದ ದೇಶಮುಖಿ ಪಡೆದರು. ಬಳಿಕ ಜತ್ತ, ಕರಜಗಿ ಮುಂತಾದ ಜಹಗೀರುಗಳೂ ಬಂದವು. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಗ ಅಥಣಿಯೂ ಜತ್ತವೂ ಒಂದೇ ಆಡಳಿತದಲ್ಲಿದ್ದವು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಜತ್ತ ಅಲ್ಲೇ ಉಳಿಯಿತು. ಸುಮಾರು 45 ಕಿ.ಮೀ. ಅಂತರದ ಎರಡು ಊರುಗಳ ನಡುವೆ ರಾಜ್ಯದ ಗಡಿ ಬಿತ್ತು. 1967ರಲ್ಲಿ ಮಹಾಜನ ಆಯೋಗವು ಜತ್ತ ತಾಲ್ಲೂಕಿನ ಹಲವು ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ.

ಗಡಿ ಬಿದ್ದರೂ ಜನರ ಓಡಾಟ ನಿಲ್ಲಲಿಲ್ಲ. ಹನ್ನೆರಡನೆಯ ಶತಮಾನದ ಶರಣೆ ದಾನಮ್ಮ ಹುಟ್ಟಿದ ಉಮರಾಣಿಯೂ ಅವರ ಗುಡಿಯಿರುವ ಗುಡ್ಡಾಪುರವೂ ಜತ್ತ ತಾಲ್ಲೂಕಿನವೇ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಕರ್ನಾಟಕದ ಎಷ್ಟೋ ಜನ ಕಾಲ್ನಡಿಗೆಯಲ್ಲೇ ಹೋಗುತ್ತಾರೆ. ಜತ್ತದ ಯಲ್ಲಮ್ಮನ ಜಾತ್ರೆಯ ದನದ ಸಂತೆಗೆ ಖಿಲಾರಿ ಹೋರಿಗಳು ಬರುತ್ತವೆ. ತಾಲ್ಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ನಡೆಯುತ್ತಿವೆ.

ಇನ್ನು ದಾರಿಯನ್ನು ನೋಡೋಣ. ಜತ್ತದಲ್ಲಿ ಗುಹಾಗರ–ವಿಜಯಪುರ ರಾಷ್ಟ್ರೀಯ ಹೆದ್ದಾರಿ ಸಿಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹೊರಟರೆ ಅಥಣಿ. ಮುಂದೆ ದರೂರ–ಹಲ್ಯಾಳ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿ ಹಾರೂಗೇರಿ ಕಡೆಗೆ ಸಾಗುತ್ತೇವೆ. ಗೋಕಾಕದ ಹತ್ತಿರ ಲೋಳಸೂರ ಸೇತುವೆಯ ಕೆಳಗೆ ಘಟಪ್ರಭೆ ಹರಿಯುತ್ತಾಳೆ. 2019ರ ಮಹಾಪೂರದಲ್ಲಿ ಆ ಸೇತುವೆಯೇ ಮುಳುಗಿತ್ತು. ಬೆಳಗಾವಿ ದಾಟಿದ ಮೇಲೆ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಸಹ್ಯಾದ್ರಿಯ ಮಳೆಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿ ಅಲ್ಲಿಗೆ ದೂರವಲ್ಲ.

ಮಳೆ ಸುರಿಯುವ ಆ ತುದಿಗೂ ಬರ ಬೀಳುವ ಈ ತುದಿಗೂ ಎಷ್ಟು ಅಂತರ! ಜತ್ತದ ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ. ನಡುವಿನ ಈ ಎತ್ತರದ ನೆಲಕ್ಕೆ ಎರಡೂ ಎಟುಕುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವುದು ಅಲ್ಲಿನ ಹೆಣ್ಣುಮಕ್ಕಳಿಗೆ ರೂಢಿಯಾಗಿಹೋಗಿದೆ. ಮಿರಜ ತಾಲ್ಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಪಂಪುಗಳಿಂದ ಮೇಲೆತ್ತುವ ಯೋಜನೆ ಬಂತಾದರೂ ತಾಲ್ಲೂಕಿನ ಪೂರ್ವದ ಹಳ್ಳಿಗಳು ಬಹುಕಾಲ ಅದರ ಹೊರಗೇ ಉಳಿದವು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಅಲ್ಲಿನ ಪಂಚಾಯತಿಗಳು ಒಮ್ಮೆ ನಿರ್ಣಯ ಮಾಡಿದ್ದವು. 2022ರ ನವೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ಪ್ರಸ್ತಾಪಿಸಿದಾಗ ಎರಡೂ ರಾಜ್ಯಗಳಲ್ಲಿ ಮಾತಿನ ಕಾವು ಏರಿತು. ಆಮೇಲೆ ವಿಸ್ತರಿತ ಮ್ಹೈಸಾಳ ಯೋಜನೆಗೆ ವೇಗ ಬಂತು.

ಆ ನಿರ್ಣಯವನ್ನು ಭಾಷೆಯ ಜಗಳವೆಂದಷ್ಟೇ ಓದಿದರೆ ಅರ್ಧ ಮಾತ್ರ ತಿಳಿದಂತೆ. ಅದರಲ್ಲಿದ್ದ ಮೊದಲ ಮಾತು ನೀರು. ಯಾವ ರಾಜ್ಯದವರು ನೀವು ಎಂದು ಕೇಳುವ ಮೊದಲು, ನಿಮ್ಮ ಊರಿಗೆ ನೀರು ಬಂತೇ, ಮಕ್ಕಳ ಶಾಲೆಗೆ ಅವರ ಭಾಷೆ ಬಲ್ಲ ಮಾಸ್ತರರು ಬಂದರೇ ಎಂದು ನಾವು ಕೇಳಬೇಕು. ಹೆದ್ದಾರಿಯ ಹೆಸರಿನಲ್ಲಿ ಮೊದಲು ಬರುವ ಊರು ನಮ್ಮ ಕಾಳಜಿಯಲ್ಲಿ ಕಡೆಯದಾಗಬಾರದು.